ಭಾನುವಾರದ ಮಾತುಕತೆ: ಮೈವಂದ್ ಕದನ

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ಇಲ್ಲೇ ಮೈವಂದ್ ಕದನದ ಬಗ್ಗೆ ಮಾತಾಡೋಣ. ಎರಡನೇ ಆಂಗ್ಲೋ-ಅಫ್ಘನ್ ಯುದ್ಧ, 1880ರ ಜುಲೈ 27, ಕಂದಹಾರದ ಪಶ್ಚಿಮಕ್ಕೆ.

ಬ್ರಿಟಿಷರು ಸೋತರು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಬ್ರಿಗೇಡಿಯರ್ ಬರೋಸ್ ಕೈಕೆಳಗಿದ್ದ ಸುಮಾರು 2,500 ಸೈನಿಕರಲ್ಲಿ ಜಾಸ್ತಿ ಮಂದಿ ಬಾಂಬೆ ಸೇನೆಯ ಭಾರತೀಯ ಸಿಪಾಯಿಗಳು. ಅವರ ಜೇಕಬ್ಸ್ ರೈಫಲ್ಸ್ ಅನ್ನೋ ಪಡೆಯಲ್ಲಂತೂ ಹೊಸಬರೇ ಬಹಳ. ಸುಡುವ ಬಿಸಿಲು, ಕುಡಿಯಲು ನೀರಿಲ್ಲ. ಎದುರಿಗೆ ಅಫ್ಘನ್ ಸೇನೆಯ ನಾಯಕ ಅಯೂಬ್ ಖಾನನ 30ರಷ್ಟು ಫಿರಂಗಿಗಳು, ಇವರ ಬಳಿ ಬರೀ 12. ಅದರಲ್ಲಿ ಆರಕ್ಕೆ ಮದ್ದುಗುಂಡು ಮುಗಿದು ಹಿಂದೆ ಸರಿದವು. ಆಮೇಲೆ ಎಡಗಡೆಯ ಸಾಲು ಒಡೆಯಿತು. 900ಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಬಾಯಾರಿ ರಾತ್ರಿಯಿಡೀ ಕಂದಹಾರಕ್ಕೆ ನಡೆದರು. ಸೋಲಿನ ತಪ್ಪನ್ನು ಸಿಪಾಯಿಗಳ ಮೇಲೆ ಹೊರಿಸುವುದು ಸುಲಭ, ಅಲ್ವಾ? ನನಗೇನೋ ಅದು ಅನ್ಯಾಯ ಅನಿಸುತ್ತದೆ.

ಈ ಕದನದಲ್ಲಿ ಅಫ್ಘನ್ ಯೋಧರನ್ನು ಹುರಿದುಂಬಿಸಿದಳು ಎನ್ನುವ ಹುಡುಗಿ ಮಲಾಲೈ ಬಗ್ಗೆ ಬರೆಯುವವರು ಅದು ಜನ ಹೇಳಿಕೊಂಡು ಬಂದ ಕಥೆ ಅಂತ ತಿಳಿಸಿಯೇ ಹಾಕಿ. ಮಲಾಲಾ ಯೂಸುಫ್‌ಜಾಯ್‌ಗೆ ಹೆಸರು ಬಂದದ್ದು ಅವಳಿಂದಲೇ. ಸುಮ್ನೆ ಫಾರ್ವರ್ಡ್ ಮಾಡಿದ ಚಿತ್ರಗಳು ಬೇಡ. ಕದನದ ನಕ್ಷೆ ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ಕಳಿಸಿ.