ತೋಟ ಹೇಳಿಕೊಡೋರಿಗೂ ಟ್ರೇನಿಂಗ್ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಲ್ಲಿ ತಾರಸಿ ತೋಟ ಮಾಡೋರು ಜಾಸ್ತಿ ಆಗ್ತಿದಾರೆ, ಶಾಲೆಗಳಲ್ಲೂ ಕೈತೋಟ ಇದೆ, ಒಂದು ಪೈಸೆ ಕೇಳದೆ ಭಾನುವಾರ ಬಂದು ಹೇಳಿಕೊಡೋ ಸ್ವಯಂಸೇವಕರೂ ಇದಾರೆ, ಅವರಿಗೆ ನಿಜವಾಗ್ಲೂ ಕೈ ಮುಗೀಬೇಕು. ಆದ್ರೆ ಅವರಿಗೆ ಸರಿಯಾಗಿ ಕಲಿಸೋರು ಯಾರು? ಮೆಣಸಿನ ಗಿಡದ ಎಲೆ ಮುದುಡಿದ್ರೆ ಒಬ್ರು ಒಂದು ಔಷಧಿ ಹೇಳ್ತಾರೆ, ಇನ್ನೊಬ್ರು ಇನ್ನೊಂದು. ಎಲೆ ಮೇಲಕ್ಕೆ ದೋಣಿ ಥರ ಮಡಚಿದ್ರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ಸಣ್ಣ ಕೀಟ, ಕೆಳಕ್ಕೆ ಮಡಚಿದ್ರೆ ಮೈಟ್ ನುಸಿ, ಎಲೆ ತಿರುಗಿಸಿ ನೋಡದೆ ಮದ್ದು ಹೇಳೋ ಹಾಗೇ ಇಲ್ಲ. ನಮ್ಮ ಏರಿಯಾದಲ್ಲಿ ಒಬ್ರು, ತರಕಾರಿಗೆ ಬಳಸೋದು ನಿಷೇಧ ಆಗಿರೋ ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕಾನೇ ಟೊಮ್ಯಾಟೊಗೆ ಹೊಡೀರಿ ಅಂದ್ರು, ಅದೂ ಮಕ್ಕಳು ಕಿತ್ತು ಹಾಗೇ ಬಾಯಿಗೆ ಹಾಕ್ಕೊಳ್ಳೋ ಗಿಡಕ್ಕೆ!

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1970ರ ದಶಕದಲ್ಲೇ ಮಾಸ್ಟರ್ ಗಾರ್ಡನರ್ ಅಂತ ಸ್ವಯಂಸೇವಕರಿಗೆ ಒಂದು ಟ್ರೇನಿಂಗ್ ಶುರು ಮಾಡಿದ್ರು. ವಿಶ್ವವಿದ್ಯಾಲಯದವರು ಮಣ್ಣು, ಕೀಟ, ರೋಗ ಎಲ್ಲ ಕಲಿಸ್ತಾರೆ, ಕಲಿತವರು ಇಂತಿಷ್ಟು ಗಂಟೆ ಅಂತ ಜನರಿಗೆ ಪುಕ್ಕಟೆ ಸೇವೆ ಮಾಡ್ಬೇಕು, ಸಂಶೋಧನೆ ಆಧಾರ ಇರೋ ಸಲಹೆ ಮಾತ್ರ ಕೊಡ್ಬೇಕು, ಆ ಹೆಸರು ಹೇಳ್ಕೊಂಡು ಗೊಬ್ಬರ ಮಾರೋ ಹಾಗಿಲ್ಲ. ಈ ಕೊನೇ ರೂಲ್ ನಮಗೆ ತುಂಬಾ ಬೇಕು.

ನಮ್ಮಲ್ಲಿ ತೋಟಗಾರಿಕೆ ಇಲಾಖೆ ಲಾಲ್‌ಬಾಗ್‌ನಲ್ಲೇ ಇದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಇದೆ. ಮೂವರೂ ಸೇರಿ ಶನಿವಾರ ಭಾನುವಾರ ಕನ್ನಡದಲ್ಲೇ ಒಂದು ಕೋರ್ಸ್ ಮಾಡಿ, ಪಾಸಾದವರಿಗೆ ಐಡಿ ಕಾರ್ಡ್ ಕೊಡ್ಲಿ, ವರ್ಷಕ್ಕೊಂದು ಸಲ ರಿಫ್ರೆಶರ್ ಇರ್ಲಿ. ಶಾಲೆಗೆ ಹೋಗೋರಿಗೆ ಪೊಲೀಸ್ ವೆರಿಫಿಕೇಶನ್ ಕಡ್ಡಾಯ ಮಾಡ್ಲಿ, ಜೊತೆಗೆ ಬಸ್ ಚಾರ್ಜನ್ನಾದ್ರೂ ಕೊಡ್ಲಿ, ಕೈಯಿಂದ ಹಾಕ್ಕೊಂಡು ಎಷ್ಟು ದಿನ ಓಡಾಡ್ತಾರೆ ಪಾಪ.

– ಒಬ್ಬ ಓದುಗ, ಬೆಂಗಳೂರು