ಹ್ಯಾಂಡ್‌ಹೆಲ್ಡ್ ಆ್ಯಪ್ ಆಂಡ್ರಾಯ್ಡ್‌ಗೆ ಬರುತ್ತಿದೆ, ಡೆಸ್ಕ್‌ಟಾಪ್ ಹಾಗೇ ಇರುತ್ತದೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಗೋದಾಮಿನಲ್ಲಿ ಸ್ಟಾಕ್ ಎಣಿಸಲು ನೀವು ಬಳಸುವ ಆ್ಯಪ್ ಇದುವರೆಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಮೊಬೈಲ್ ಮೇಲೆ, ಅವರದೇ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನ ಚಿಕ್ಕ ರೂಪವಾದ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್‌ನಲ್ಲಿ ಓಡುತ್ತಿತ್ತು. ಈಗ ಅದನ್ನು ಆಂಡ್ರಾಯ್ಡ್‌ಗಾಗಿ ಕಾಟ್ಲಿನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆದಿದ್ದೇವೆ. ಹಳೇ ಆ್ಯಪ್‌ಗೆ ಮುಂದಿನ ಮಾರ್ಚ್ ಕೊನೆವರೆಗೆ ಮಾತ್ರ ಸಪೋರ್ಟ್ ಇರುತ್ತದೆ.

ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟುತ್ತೀರಿ ಅಂತ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಡೆಸ್ಕ್‌ಟಾಪ್, ಸರ್ವರ್, ಕೈಯಲ್ಲಿ ಹಿಡಿಯುವ ಸಾಧನ ಮೂರಕ್ಕೂ ಸಿ ಶಾರ್ಪ್ ಅನ್ನುವ ಒಂದೇ ಭಾಷೆ ಸಾಕು ಅನ್ನುವುದೇ ಆಗ ನಮಗೆ ಡಾಟ್‌ನೆಟ್‌ನಲ್ಲಿ ಹಿಡಿಸಿದ್ದು. ಆದರೆ ಪ್ರೋಗ್ರಾಂ ಬರೆಯಲು ಬಳಸುವ ವಿಷುವಲ್ ಸ್ಟುಡಿಯೋದ 2008ರ ಆವೃತ್ತಿಯ ನಂತರ ವಿಂಡೋಸ್ ಮೊಬೈಲ್ 6ಕ್ಕೆ ಟೂಲ್ಸ್ ಬರಲಿಲ್ಲ. 2020ರ ಜನವರಿಯಲ್ಲಿ ಅದರ ಮುಂದಿನ ರೂಪವಾದ ವಿಂಡೋಸ್ ಎಂಬೆಡೆಡ್ ಹ್ಯಾಂಡ್‌ಹೆಲ್ಡ್ 6.5ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟೂ ಮುಗಿಯಿತು.

ನಮಗೆ ಜಾಸ್ತಿ ಚಿಂತೆ ಇರುವುದು ಭದ್ರತೆಯದು. ಸಾಧನ ಮತ್ತು ಸರ್ವರ್ ನಡುವಿನ ಮಾಹಿತಿಯನ್ನು ಗುಪ್ತವಾಗಿಡುವ ವ್ಯವಸ್ಥೆ ಟಿಎಲ್‌ಎಸ್. ಅದರ 1.2 ಆವೃತ್ತಿ ಆ ಸಾಧನಗಳಿಗೆ ಬರುವುದಿಲ್ಲ. ಹಾಗಾಗಿ ಅವು ಸರ್ವರ್ ಜೊತೆ ಸಿಂಕ್ ಆಗಬೇಕೆಂದರೆ ನಿಮ್ಮ ಸರ್ವರ್‌ನಲ್ಲಿ ಹಳೇ ಟಿಎಲ್‌ಎಸ್ 1.0 ತೆರೆದೇ ಇಡಬೇಕು. 2021ರಲ್ಲೇ ಅದನ್ನು ಬಳಸಬಾರದು ಅಂತ ಅಧಿಕೃತವಾಗಿ ಕೈಬಿಟ್ಟಾಗಿದೆ. ನಾಲ್ಕು ಸ್ಕ್ಯಾನರ್‌ಗಾಗಿ ಇಡೀ ಸರ್ವರ್‌ನ ಬಾಗಿಲು ಸಡಿಲ ಬಿಡುವುದು ಸರಿಯಲ್ಲ ಅಲ್ವಾ?

ಮೊಬೈಲ್ ಆ್ಯಪ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಡಾಟ್‌ನೆಟ್ ಮಾಯಿ (MAUI) ಬಳಸಿ ಬರೆದಿದ್ದರೆ ಸಿ ಶಾರ್ಪ್‌ನಲ್ಲೇ ಉಳಿಯಬಹುದಿತ್ತು. ಅದನ್ನೂ ಯೋಚಿಸಿದೆವು. ಆದರೆ ಈ ಆ್ಯಪ್‌ನ ಜೀವ ಇರುವುದು ಸಾಧನದ ಪಕ್ಕದಲ್ಲಿರುವ ಹಳದಿ ಸ್ಕ್ಯಾನ್ ಬಟನ್‌ನಲ್ಲಿ: ಒತ್ತಿದ ತಕ್ಷಣ ಬೀಪ್ ಆಗಬೇಕು, ಸಾಲು ತುಂಬಬೇಕು, ಕೈ ಮುಂದಿನ ಪೆಟ್ಟಿಗೆಗೆ ಹೋಗಬೇಕು. ಸ್ಕ್ಯಾನರ್ ತಯಾರಕರು ಬರೆದಿಟ್ಟ ಕೋಡ್ ಲೈಬ್ರರಿಗಳು ಜಾವಾ, ಕಾಟ್ಲಿನ್ ಭಾಷೆಗಳಿಗೆ ನೇರವಾಗಿ ಸಿಗುತ್ತವೆ, ಮಧ್ಯೆ ಇನ್ನೊಂದು ಪದರ ಸುಮ್ನೆ ಯಾಕೆ ಅಂತ ಬಿಟ್ಟೆವು.

ಡೆಸ್ಕ್‌ಟಾಪ್ ಪ್ರೋಗ್ರಾಂ ಈಗಿನಂತೆ ವಿನ್‌ಫಾರ್ಮ್ಸ್‌ನಲ್ಲೇ (ಡಾಟ್‌ನೆಟ್‌ನಲ್ಲಿ ವಿಂಡೋಸ್ ಪರದೆಗಳನ್ನು ಮಾಡುವ ವಿಧಾನ) ಇರುತ್ತದೆ, ನಿಮ್ಮ ಶಾರ್ಟ್‌ಕಟ್ ಕೀಗಳೂ ಹಾಗೇ. ಸರ್ವರ್ ಹೊಸ ಡಾಟ್‌ನೆಟ್‌ಗೆ ಹೋಗುತ್ತದೆ, ಬೇಕಿದ್ದವರು ಅದನ್ನು ಲಿನಕ್ಸ್ ಮೇಲೂ ಹಾಕಿಕೊಳ್ಳಬಹುದು. ಆ್ಯಪ್‌ಗೆ ಬೇರೆ ಲೈಸೆನ್ಸ್ ದುಡ್ಡು ಇಲ್ಲ. ಸಾಧನ ಮಾತ್ರ ನೀವೇ ಕೊಳ್ಳಬೇಕು. ಅದು ಸಣ್ಣ ಖರ್ಚಲ್ಲ ಅಂತ ಗೊತ್ತು, ಅದಕ್ಕೇ ಇಷ್ಟು ಮೊದಲು ತಿಳಿಸುತ್ತಿದ್ದೇವೆ. ಕೊಳ್ಳುವ ಮುಂಚೆ ಮಾಡೆಲ್ ಯಾವುದು ಅಂತ ನಮಗೊಂದು ಮಾತು ಹೇಳಿ, ನಮ್ಮ ಆ್ಯಪ್ ಅದರಲ್ಲಿ ಓಡುತ್ತದಾ ಅಂತ ನೋಡಿ ಹೇಳುತ್ತೇವೆ.

ದಯವಿಟ್ಟು ಇದೊಂದು ಮರೆಯಬೇಡಿ. ಹಳೇ ಸಾಧನದಲ್ಲಿ ನಿಮ್ಮ ಎಣಿಕೆ ಇರುವ ಎಸ್‌ಕ್ಯೂಎಲ್ ಕಾಂಪ್ಯಾಕ್ಟ್ ಡೇಟಾಬೇಸ್ ಹೊಸದಕ್ಕೆ ತಾನಾಗೇ ಬರುವುದಿಲ್ಲ. ಬದಲಾಯಿಸುವ ದಿನ ಪ್ರತಿಯೊಂದರಲ್ಲೂ ಸಿಂಕ್ ಒತ್ತಿ, ಕಳಿಸಬೇಕಾದ ಬಾಕಿ ಸೊನ್ನೆ ಅಂತ ತೋರಿಸಿದ ಮೇಲೇ ಆಫ್ ಮಾಡಿ.

ಇಂತಿ,
ನಿಮ್ಮ ಸಾಫ್ಟ್‌ವೇರ್ ತಂಡ