ಫೋಟೋದಲ್ಲಿ ಇಲ್ಲದ ಅಜ್ಜಿ

ಪ್ರಿಯ ಕಿರಿಯ ಮಿತ್ರರೇ,

ಅಜ್ಜಿಯನ್ನು ಕುರಿತ ನಿಮ್ಮ ನೀಳ್ಗತೆಯನ್ನೂ ಜೊತೆಗಿದ್ದ ಪತ್ರವನ್ನೂ ಓದಿದೆ. ಫೋನು ಕಳೆದು ಮತ್ತೆ ಸಿಗುವವರೆಗೆ ನಾನು ಯಾರೆಂಬುದೇ ಅನುಮಾನವಾಗಿತ್ತು ಎಂದು ಬರೆದಿದ್ದೀರಿ. ಆ ಮಾತು ಮನಸ್ಸಿಗೆ ನಾಟಿತು. ಪ್ರಕಾಶಕರು, ಪುಟಗಳ ಸಂಖ್ಯೆ, ಶೀರ್ಷಿಕೆ ಮುಂತಾದವುಗಳ ಬಗ್ಗೆ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನು ಆ ಗೋಜಿಗೆ ಹೋಗುವುದಿಲ್ಲ.

ನಮ್ಮ ಅರಿವು ಹಿಂದಿನ ಯಾವ ಕೃತ್ಯದವರೆಗೆ ಚಾಚಬಲ್ಲದೋ ಅಲ್ಲಿಯವರೆಗೂ ನಾವು ಅದೇ ವ್ಯಕ್ತಿ ಎಂದು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ವಾದಿಸಿದ. ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ 1785ರಲ್ಲಿ ಅದಕ್ಕೊಂದು ತೊಡಕು ಒಡ್ಡಿದ. ತೋಟದಲ್ಲಿ ಕದ್ದು ಶಾಲೆಯಲ್ಲಿ ಏಟು ತಿಂದ ಹುಡುಗ ಮುಂದೆ ಸೈನ್ಯಾಧಿಕಾರಿಯಾಗಿ ಶತ್ರುವಿನ ಧ್ವಜ ಕಸಿದು ತರುತ್ತಾನೆ, ಕೊನೆಗೆ ದಂಡನಾಯಕನಾಗುತ್ತಾನೆ. ಧ್ವಜ ತಂದಾಗ ಏಟು ನೆನಪಿತ್ತು, ದಂಡನಾಯಕನಿಗೆ ಧ್ವಜ ಮಾತ್ರ ನೆನಪಿದೆ. ಹಾಗಾದರೆ ಈ ಮುದುಕ ಆ ಹುಡುಗನೇ, ಅಲ್ಲವೇ? (ವಯಸ್ಸಾದವನಾದ್ದರಿಂದ ನನಗೆ ದಂಡನಾಯಕನ ಮೇಲೆ ಸ್ವಲ್ಪ ಪಕ್ಷಪಾತವಿದೆ.)

ಆತನ ಕೈಯಲ್ಲಿ ಮೊಬೈಲು ಇದ್ದಿದ್ದರೆ ಬೆಳಗಿನ ಕಾಫಿಯ ಹೊತ್ತಿಗೆ ಅದು ಆ ಏಟಿನ ಚಿತ್ರವನ್ನು ತಾನಾಗಿ ತೋರಿಸುತ್ತಿತ್ತು, ಲಾಕ್‌ನ ಲೆಕ್ಕ ಸರಿಹೋದಂತೆಯೂ ಕಾಣುತ್ತಿತ್ತು. ನನಗೆ ಹಾಗನ್ನಿಸುವುದಿಲ್ಲ. ಏಟು ತಿಂದದ್ದು ಆತನಿಗೆ ಗೊತ್ತಾಗುತ್ತದೆ, ಮೈ ಚುರುಗುಟ್ಟುವುದಿಲ್ಲ. ಫೇಸ್‌ಬುಕ್ 2015ರಲ್ಲಿ ಹಳೆಯ ದಿನಗಳನ್ನು ಎತ್ತಿ ತೋರಿಸುವ ಏರ್ಪಾಡನ್ನು ತಂದಾಗ, ಇಂಥವರನ್ನೂ ಇಂಥ ದಿನಾಂಕಗಳನ್ನೂ ತೋರಿಸಬೇಡ ಎಂದು ತಡೆಯುವ ಅವಕಾಶವನ್ನು ಅದೇ ವರ್ಷ ಸೇರಿಸಬೇಕಾಯಿತು.

ಈಗ ನಿಮ್ಮ ಕಥೆ. ಅಜ್ಜಿಯ ಸೀರೆಯ ಬಣ್ಣ, ಕನ್ನಡಕದ ಕಟ್ಟು, ಗೋಡೆಯ ಕ್ಯಾಲೆಂಡರು, ಒಂದೂ ತಪ್ಪಿಲ್ಲ. ಎಲ್ಲವೂ ಫೋನಿನಿಂದ ಎತ್ತಿದ್ದು, ಹಾಗಾಗಿ ಆಕೆ ಇಡೀ ಕಥೆಯಲ್ಲಿ ಕ್ಯಾಮೆರಾ ಕಡೆಗೇ ನೋಡುತ್ತಾರೆ. ಆಕೆಯ ಪಿಂಚಣಿಯಲ್ಲಿ ನೂರು ರೂಪಾಯಿ ಇಟ್ಟುಕೊಂಡು, ಪೋಸ್ಟ್‌ಮನ್ ಇಷ್ಟೇ ಕೊಟ್ಟನೆಂದು ನೀವು ಹೇಳಿದ ಸುಳ್ಳೊಂದು ಮಾತ್ರ ಯಾವ ಫೋಟೋದಲ್ಲೂ ಇರಲಾರದು. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿ ಮತ್ತೆ ಕ್ಯಾಲೆಂಡರಿನ ಹಿಂದೆ ಬಚ್ಚಿಟ್ಟುಕೊಂಡಿದ್ದೀರಿ. ನನಗೆ ನಿಜಕ್ಕೂ ಸಿಟ್ಟು ಬಂತು. ಫೋನು ಕಳೆದುಹೋದ ದಿನವೂ ಆ ನೂರು ರೂಪಾಯಿ ನಿಮ್ಮ ಬಳಿಯೇ ಇತ್ತಲ್ಲ, ಮತ್ತೆ ನೀವು ಯಾರೆಂಬ ಅನುಮಾನವೇಕೆ?

ನನ್ನ ಬಾಲ್ಯವನ್ನು ಕುರಿತ ಪ್ರಬಂಧವೊಂದನ್ನು ‘ದಾಖಲೆ ಎಲ್ಲಿದೆ’ ಎಂದು ಸಂಪಾದಕರೊಬ್ಬರು ಹಿಂದಿರುಗಿಸಿದ್ದರು. ಆ ಮುನಿಸು ಇನ್ನೂ ಇಳಿದಿಲ್ಲವಾದ್ದರಿಂದ ನನ್ನ ಮಾತಿನಲ್ಲಿ ಹಠ ಕಂಡರೆ ಸಹಿಸಿಕೊಳ್ಳಿ. ಫೋಟೋಗಳನ್ನು ಅಳಿಸಬೇಡಿ, ಬರೆದು ಮುಗಿಸುವವರೆಗೆ ತೆರೆಯಲೂಬೇಡಿ. ಸೀರೆಯ ಬಣ್ಣ ತಪ್ಪಿದರೆ ತಪ್ಪಲಿ. ದೀಪಾವಳಿಯೊಳಗೆ ಹೊಸ ಕರಡು ಕಳಿಸಿ, ಅಜ್ಜಿಗೆ ನಿಮ್ಮ ಸುಳ್ಳು ಗೊತ್ತಿತ್ತೋ ಇಲ್ಲವೋ ಎಂಬುದನ್ನು ಈ ಸಲ ನುಣುಚಿಕೊಳ್ಳದೆ ಬರೆಯಿರಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಓದುಗ